ಮಹಾಬೀಗದ ತೆರವು: ಹಳೆಯ ತಂತ್ರಾಂಶದಲ್ಲಿ ಏಕಕಾಲಿಕತೆಯ ಅಳವಡಿಕೆ

ತಂತ್ರಾಂಶವು ಬರೆಹದ ಒಂದು ರೂಪ. ಅದನ್ನು ನಡೆಸುವುದು ಯಂತ್ರವಾದರೂ ಬರೆಯುವವರು, ಓದುವವರು, ತಿದ್ದುವವರು ಮನುಷ್ಯರೇ. ಬಹುಕಾಲ ಬಳಕೆಯಲ್ಲಿ ಉಳಿದ ತಂತ್ರಾಂಶವನ್ನು ಅದರ ಮೊದಲ ಕರ್ತೃವಲ್ಲದೆ ನೂರಾರು, ಕೆಲವೊಮ್ಮೆ ಸಾವಿರಾರು ಜನರು ತಿದ್ದಿ ಬೆಳೆಸಿರುತ್ತಾರೆ. ಹೀಗೆ ಹಲವು ಕೈಗಳಲ್ಲಿ ಬೆಳೆದ ಪಠ್ಯದಲ್ಲಿ ಬರೆದ ಮಾತುಗಳಷ್ಟೇ ಮುಖ್ಯವಾಗಿ ಬರೆಯದೆ ಬಿಟ್ಟ ಮಾತುಗಳೂ ಇರುತ್ತವೆ. ಎಲ್ಲರಿಗೂ ಗೊತ್ತಿರುವುದೆಂಬ ಕಾರಣಕ್ಕೆ ಯಾರೂ ದಾಖಲಿಸದ ಇಂತಹ ನಂಬಿಕೆಗಳು, ಪರಿಸ್ಥಿತಿ ಬದಲಾದಾಗ, ಪಠ್ಯವನ್ನು ತಿದ್ದಲು ಹೊರಟವರಿಗೆ ದೊಡ್ಡ ತೊಡಕಾಗಿ ಎದುರಾಗುತ್ತವೆ. ‘ಒಂದು ಹೊತ್ತಿಗೆ ಒಂದೇ ಕೆಲಸ ನಡೆಯುತ್ತದೆ’ ಎಂಬುದು ಕಂಪ್ಯೂಟರ್ ತಂತ್ರಾಂಶದಲ್ಲಿ ಅಂತಹ ಬರೆಯದ ನಂಬಿಕೆಗಳಲ್ಲಿ ಅತ್ಯಂತ ವ್ಯಾಪಕವಾದುದು.

ಈ ನಂಬಿಕೆಯ ಮೇಲೆ ನಿಂತ ಹಳೆಯ ತಂತ್ರಾಂಶವನ್ನು ಹಲವು ಕೆಲಸಗಳು ಒಟ್ಟಿಗೆ ನಡೆಯುವ ಯಂತ್ರಕ್ಕೆ ಹೊಂದಿಸುವುದು ಹೇಗೆ? ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲಿ 1996ರಿಂದ 2011ರವರೆಗೆ ನಡೆದ ಕಾರ್ಯವು ಈ ಪ್ರಶ್ನೆಗೆ ಒಂದು ಸ್ಪಷ್ಟ ನಿದರ್ಶನ. ‘ಬಿಗ್ ಕರ್ನೆಲ್ ಲಾಕ್’ ಎಂದು ಹೆಸರಾದ, ಇಲ್ಲಿ ‘ಮಹಾಬೀಗ’ ಎಂದು ಕರೆಯಲಾಗುವ ಒಂದು ವ್ಯವಸ್ಥೆಯನ್ನು ಆ ಅವಧಿಯಲ್ಲಿ ಮೊದಲು ಅಳವಡಿಸಲಾಯಿತು, ಅನಂತರ ಹಂತಹಂತವಾಗಿ ತೆಗೆಯಲಾಯಿತು. ಅಳವಡಿಕೆಗೆ ಬೇಕಾದುದು ಅಲ್ಪಕಾಲ. ತೆರವಿಗೆ ಬೇಕಾದುದು ಹದಿನೈದು ವರ್ಷ. ಈ ಅಂತರಕ್ಕೆ ಕಾರಣವೇನು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪರಿಭಾಷೆಯ ಸ್ಪಷ್ಟೀಕರಣ

‘ಕನ್‌ಕರೆನ್ಸಿ’ ಎಂಬ ಪಾರಿಭಾಷಿಕ ಪದಕ್ಕೆ ಇಲ್ಲಿ ‘ಏಕಕಾಲಿಕತೆ’ ಎಂಬ ಪದವನ್ನು ಬಳಸಲಾಗಿದೆ. ‘ಸಮಕಾಲೀನತೆ’ ಎಂಬುದು ಒಂದೇ ಯುಗಕ್ಕೆ ಸೇರಿದ ವ್ಯಕ್ತಿ ಅಥವಾ ಕೃತಿಗಳ ಸಂಬಂಧವನ್ನು ಸೂಚಿಸುವ ಪದವಾಗಿ ಕನ್ನಡದಲ್ಲಿ ನೆಲೆಗೊಂಡಿರುವುದರಿಂದ ಅದು ಇಲ್ಲಿಗೆ ಒಗ್ಗದು.

ಏಕಕಾಲಿಕತೆಯನ್ನು ‘ಸಮಾಂತರತೆ’ಯಿಂದ ಪ್ರತ್ಯೇಕಿಸುವುದು ಅಗತ್ಯ. ಒಬ್ಬ ಅಡುಗೆಯವನು ಒಂದು ಒಲೆಯ ಮೇಲೆ ಅನ್ನಕ್ಕಿಟ್ಟು, ಅದು ಬೇಯುವಷ್ಟರಲ್ಲಿ ಇನ್ನೊಂದರ ಮೇಲೆ ಸಾರು ಮಾಡಿದರೆ ಎರಡು ಕೆಲಸಗಳು ಏಕಕಾಲಿಕವಾಗಿ ಸಾಗುತ್ತವೆ. ಆದರೆ ಯಾವುದೇ ಕ್ಷಣದಲ್ಲಿ ಅವನ ಕೈ ಇರುವುದು ಒಂದೇ ಪಾತ್ರೆಯಲ್ಲಿ. ಇಬ್ಬರು ಅಡುಗೆಯವರು ಒಂದೇ ಅಡುಗೆಮನೆಯಲ್ಲಿ ದುಡಿದರೆ ಅದು ಸಮಾಂತರತೆ. ಮೊದಲನೆಯ ಸಂದರ್ಭದಲ್ಲಿ, ಉಪ್ಪು ಹಾಕಿದ್ದಾಗಿದೆಯೇ ಎಂಬುದನ್ನು ನೆನಪಿಟ್ಟುಕೊಳ್ಳಲು ಒಬ್ಬನೇ ಇರುವುದರಿಂದ ಗೊಂದಲ ಕಡಿಮೆ. ಎರಡನೆಯ ಸಂದರ್ಭದಲ್ಲಿ ಒಬ್ಬರು ಹಾಕಿದ ಉಪ್ಪನ್ನು ಇನ್ನೊಬ್ಬರು ಮತ್ತೆ ಹಾಕದಂತೆ ಒಂದು ಕಟ್ಟುಪಾಡು ಬೇಕಾಗುತ್ತದೆ. ಆ ಕಟ್ಟುಪಾಡಿಗೆ ತಂತ್ರಾಂಶದಲ್ಲಿರುವ ಸಾಮಾನ್ಯ ಹೆಸರು ‘ಬೀಗ’. ಬೀಗವನ್ನು ಹಿಡಿದಿರುವ ಕೆಲಸವೊಂದು ಅದನ್ನು ಬಿಡುವವರೆಗೆ, ಅದೇ ಬೀಗವನ್ನು ಬೇಡುವ ಉಳಿದ ಕೆಲಸಗಳು ಕಾಯಬೇಕು. ಈ ಸಮಸ್ಯೆಯ ಶಾಸ್ತ್ರೀಯ ನಿರೂಪಣೆಯನ್ನು ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1965ರಲ್ಲಿ ಪ್ರಕಟಿಸಿದರು.

2. ದೋಷ ಹುಟ್ಟುವ ಬಗೆ

ಬೀಗವಿಲ್ಲದಿದ್ದರೆ ಆಗುವ ಹಾನಿಯ ಸ್ವರೂಪವನ್ನು ಗ್ರಂಥಾಲಯದ ಒಂದು ಉದಾಹರಣೆಯಿಂದ ತಿಳಿಯಬಹುದು. ಹೊಸದಾಗಿ ಬಂದ ಪುಸ್ತಕಗಳಿಗೆ ದಾಖಲೆ ಪುಸ್ತಕದಲ್ಲಿ ಕ್ರಮಸಂಖ್ಯೆ ಕೊಡುವ ಕೆಲಸವನ್ನು ಒಬ್ಬ ಗುಮಾಸ್ತರು ಮಾಡುತ್ತಿದ್ದಾರೆಂದು ಭಾವಿಸೋಣ. ಅವರು ಮಾಡುವುದು ಮೂರು ಕ್ರಿಯೆಗಳನ್ನು: ಕೊನೆಯ ಸಂಖ್ಯೆಯನ್ನು ಓದುವುದು, ಅದಕ್ಕೆ ಒಂದನ್ನು ಕೂಡಿಸುವುದು, ಹೊಸ ಸಂಖ್ಯೆಯನ್ನು ಬರೆಯುವುದು. ಕೆಲಸ ಹೆಚ್ಚಾಯಿತೆಂದು ಇನ್ನೊಬ್ಬ ಗುಮಾಸ್ತರನ್ನು ನೇಮಿಸಿ, ಅವರಿಗೂ ಅದೇ ದಾಖಲೆ ಪುಸ್ತಕವನ್ನು, ಅದೇ ನಿಯಮಾವಳಿಯನ್ನು ಕೊಟ್ಟರೆ, ಇಬ್ಬರೂ ಒಂದೇ ಹೊತ್ತಿಗೆ 4,207 ಎಂಬ ಕೊನೆಯ ಸಂಖ್ಯೆಯನ್ನು ಓದಿ, ಇಬ್ಬರೂ ತಮ್ಮ ತಮ್ಮ ಪುಸ್ತಕಕ್ಕೆ 4,208 ಎಂದು ಬರೆಯುವ ಸಾಧ್ಯತೆಯುಂಟು. ಇಬ್ಬರಲ್ಲಿ ಯಾರೂ ನಿಯಮ ಮೀರಿಲ್ಲ. ಆದರೂ ದಾಖಲೆ ಕೆಟ್ಟಿದೆ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ದೋಷವು ನಿಯಮಾವಳಿಯ ಯಾವ ಸಾಲಿನಲ್ಲಿಯೂ ಇಲ್ಲ. ಗುಮಾಸ್ತರು ಒಬ್ಬರೇ ಎಂಬ, ನಿಯಮಾವಳಿಯಲ್ಲಿ ಬರೆಯದ ನಂಬಿಕೆಯಲ್ಲಿ ಅದು ಅಡಗಿದೆ. ಎರಡನೆಯದಾಗಿ, ಈ ದೋಷ ಪ್ರತಿಸಲವೂ ತಲೆದೋರುವುದಿಲ್ಲ. ಇಬ್ಬರೂ ಅದೇ ಗಳಿಗೆಯಲ್ಲಿ ಓದಿದರೆ ಮಾತ್ರ ಅದು ಕಾಣಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಸರಿಯಾಗಿ ನಡೆದ ವ್ಯವಸ್ಥೆ ಒಂದು ದಿನ ಕಾರಣವಿಲ್ಲದೆ ತಪ್ಪಿದಂತೆ ತೋರುತ್ತದೆ. ಪರೀಕ್ಷಿಸಲು ಹೊರಟಾಗ ಮತ್ತೆ ಸರಿಯಾಗಿಯೇ ನಡೆಯುತ್ತದೆ. ಆದುದರಿಂದ ಏಕಕಾಲಿಕತೆಯ ದೋಷಗಳನ್ನು ಕೇವಲ ಪ್ರಯೋಗದಿಂದ ಪತ್ತೆಹಚ್ಚುವುದು ಕಷ್ಟ. ಪಠ್ಯವನ್ನು ಓದಿ ತರ್ಕಿಸುವುದು ಅನಿವಾರ್ಯವಾಗುತ್ತದೆ.

3. ಲಿನಕ್ಸ್ ಕರ್ನೆಲ್‌ನ ಮೊದಲ ಸ್ವರೂಪ

ಲಿನಕ್ಸ್ ಕರ್ನೆಲ್ಲನ್ನು ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್‌ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದರು. ಇಂಟೆಲ್ 386 ಸಂಸ್ಕಾರಕವಿದ್ದ ಸಾಮಾನ್ಯ ಗಣಕವೇ ಅದರ ನೆಲೆ. ಅಂತಹ ಗಣಕದಲ್ಲಿ ಇದ್ದುದು ಒಂದೇ ಸಂಸ್ಕಾರಕ. 1994ರ ಮಾರ್ಚ್‌ನಲ್ಲಿ 1.0 ಆವೃತ್ತಿ ಹೊರಬಂದಾಗ ಕರ್ನೆಲ್ ಸುಮಾರು 1,76,000 ಸಾಲುಗಳಷ್ಟಿತ್ತು.

ಬಳಕೆದಾರರ ಪ್ರೋಗ್ರಾಂಗಳಿಗೂ ಯಂತ್ರಾಂಶಕ್ಕೂ ನಡುವೆ ನಿಂತು ಸ್ಮೃತಿ, ಡಿಸ್ಕ್, ಜಾಲ ಮುಂತಾದವನ್ನು ಹಂಚಿಕೊಡುವುದು ಕರ್ನೆಲ್‌ನ ಕೆಲಸ. ಪ್ರೋಗ್ರಾಂ ಒಂದು ಕಡತವನ್ನು ತೆರೆಯಬೇಕಾದರೆ ಅದರ ಪರವಾಗಿ ಕರ್ನೆಲ್ ಒಳಗಿನ ಕೋಡ್ ನಡೆಯುತ್ತದೆ. ಆರಂಭದ ಲಿನಕ್ಸ್‌ನಲ್ಲಿ, ಹೀಗೆ ಕರ್ನೆಲ್‌ನೊಳಗೆ ಹೊಕ್ಕ ಕೆಲಸವೊಂದನ್ನು ಇನ್ನೊಂದು ಕೆಲಸವು ನಡುವೆ ತಡೆಯುವಂತಿರಲಿಲ್ಲ. ಅದು ತಾನಾಗಿ ಹೊರಬರುವವರೆಗೆ, ಅಥವಾ ಡಿಸ್ಕ್‌ನಿಂದ ಮಾಹಿತಿ ಬರಲೆಂದು ತಾನಾಗಿ ನಿದ್ರಾಸ್ಥಿತಿಗೆ ಹೋಗುವವರೆಗೆ, ಕರ್ನೆಲ್ ಸಂಪೂರ್ಣವಾಗಿ ಅದರ ವಶದಲ್ಲಿರುತ್ತಿತ್ತು. ಕೀಲಿಮಣೆ, ಡಿಸ್ಕ್ ಮೊದಲಾದ ಉಪಕರಣಗಳು ಕಳುಹಿಸುವ ಇಂಟರಪ್ಟ್ ಸಂಕೇತಗಳು ಮಾತ್ರ ಇದಕ್ಕೆ ಅಪವಾದ. ಅವನ್ನೂ ಅಗತ್ಯವಿದ್ದಾಗ ತಾತ್ಕಾಲಿಕವಾಗಿ ತಡೆಹಿಡಿಯಬಹುದಿತ್ತು.

ಈ ಏರ್ಪಾಡಿನಲ್ಲಿ ಕರ್ನೆಲ್‌ನ ಕೋಡ್ ಬರೆಯುವವರಿಗೆ ದೊಡ್ಡ ಅನುಕೂಲವಿತ್ತು. ‘ನಾನು ನಿದ್ರಿಸದ ಹೊರತು ಈ ಪಟ್ಟಿಯನ್ನು ಬೇರೆ ಯಾರೂ ಬದಲಿಸಲಾರರು’ ಎಂಬ ಭರವಸೆಯಿಂದ ಅವರು ಬರೆಯಬಹುದಿತ್ತು. ಅದನ್ನು ಪ್ರತಿ ಸಾಲಿನಲ್ಲಿ ಹೇಳುವ ಅಗತ್ಯವಿರಲಿಲ್ಲ. ವ್ಯಾಕರಣದ ಸೂತ್ರದಲ್ಲಿ ಮೇಲಿನ ಸೂತ್ರದಿಂದ ಅನುವೃತ್ತಿಯಾಗಿ ಬರುವ ಪದವನ್ನು ಮತ್ತೆ ಹೇಳದಿರುವಂತೆ, ಈ ಭರವಸೆಯು ಹೇಳದೆಯೇ ಪ್ರತಿ ಸಾಲಿಗೂ ಅನ್ವಯವಾಗುತ್ತಿತ್ತು.

4. ಮಹಾಬೀಗದ ಅಳವಡಿಕೆ

ಎರಡು ಅಥವಾ ನಾಲ್ಕು ಸಂಸ್ಕಾರಕಗಳಿರುವ ಗಣಕಗಳು 1990ರ ದಶಕದ ಮಧ್ಯಭಾಗದಲ್ಲಿ ಲಿನಕ್ಸ್ ಬಳಕೆದಾರರ ಕೈಗೂ ಎಟುಕತೊಡಗಿದವು. ಅವುಗಳ ಮೇಲೆ ಲಿನಕ್ಸ್ ನಡೆಯುವಂತೆ ಮಾಡುವ ಕೆಲಸವನ್ನು ಬ್ರಿಟನ್ನಿನ ಆ್ಯಲನ್ ಕಾಕ್ಸ್ ಕೈಗೊಂಡರು. ಅದರ ಫಲವು 1996ರ ಜೂನ್‌ನಲ್ಲಿ ಬಂದ 2.0 ಆವೃತ್ತಿಯಲ್ಲಿ ಜನರಿಗೆ ದೊರೆಯಿತು.

ಅವರ ಮುಂದೆ ಎರಡು ದಾರಿಗಳಿದ್ದವು. ಕರ್ನೆಲ್‌ನ ಪ್ರತಿ ಸಾಲನ್ನೂ ಹೊಸ ಪರಿಸ್ಥಿತಿಯ ಬೆಳಕಿನಲ್ಲಿ ಮತ್ತೆ ಓದಿ, ಹಂಚಿಕೆಯ ಮಾಹಿತಿ ಇರುವಲ್ಲೆಲ್ಲ ಪ್ರತ್ಯೇಕ ಬೀಗಗಳನ್ನು ಇರಿಸುವುದು ಒಂದು. ಇಡೀ ಕರ್ನೆಲ್‌ಗೆ ಒಂದೇ ಬೀಗವನ್ನು ಹಾಕಿ, ಒಂದು ಹೊತ್ತಿಗೆ ಒಂದೇ ಸಂಸ್ಕಾರಕ ಅದರೊಳಗೆ ಹೋಗುವಂತೆ ಮಾಡುವುದು ಇನ್ನೊಂದು. ಎರಡನೆಯದನ್ನು ಆರಿಸಿಕೊಳ್ಳಲಾಯಿತು. ಬಳಕೆದಾರರ ಪ್ರೋಗ್ರಾಂಗಳು ಬೇರೆ ಬೇರೆ ಸಂಸ್ಕಾರಕಗಳಲ್ಲಿ ಸಮಾಂತರವಾಗಿ ನಡೆಯಬಹುದು. ಆದರೆ ಅವುಗಳಲ್ಲಿ ಒಂದು ಕರ್ನೆಲ್‌ನೊಳಗೆ ಹೊಕ್ಕಿದ್ದರೆ ಇನ್ನೊಂದು ಬಾಗಿಲಲ್ಲಿ ಕಾಯಬೇಕು.

ಈ ಆಯ್ಕೆಯನ್ನು ಅರೆಮನಸ್ಸಿನ ಕ್ರಮವೆಂದು ಭಾವಿಸುವುದು ಸರಿಯಲ್ಲ. ಹಳೆಯ ಕೋಡ್ ನಂಬಿದ್ದ ಒಂಟಿ ಸಂಸ್ಕಾರಕದ ಜಗತ್ತನ್ನು ಮಹಾಬೀಗವು ಹೊಸ ಯಂತ್ರದಲ್ಲಿ ಯಥಾವತ್ತಾಗಿ ಅನುಕರಿಸಿತು. ಬರೆಯದ ನಂಬಿಕೆ ಸುಳ್ಳಾಗಲಿಲ್ಲ. ಆದುದರಿಂದ ಅದನ್ನು ಹುಡುಕಿ ತೆಗೆಯುವ ಅಗತ್ಯ ಕೂಡಲೇ ಬೀಳಲಿಲ್ಲ. ಹಳೆಯ ಚಾಲಕ ತಂತ್ರಾಂಶಗಳು, ಕಡತ ವ್ಯವಸ್ಥೆಗಳು ಬಹುಮಟ್ಟಿಗೆ ಇದ್ದಂತೆಯೇ ನಡೆದವು. ಪ್ರಬುದ್ಧ ತಂತ್ರಾಂಶಕ್ಕೆ ಏಕಕಾಲಿಕತೆಯನ್ನು ತರುವವರು ಇಂದಿಗೂ ಅನುಸರಿಸುವ ಮೊದಲ ಹೆಜ್ಜೆ ಇದೇ.

ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಒಂದು ಕೆಲಸದಲ್ಲಿ ಹತ್ತನೆಯ ಒಂದು ಭಾಗ ಸರದಿಯಲ್ಲಿಯೇ ನಡೆಯಬೇಕಾದರೆ, ಎಷ್ಟೇ ಸಂಸ್ಕಾರಕಗಳಿದ್ದರೂ ಒಟ್ಟು ವೇಗ ಹತ್ತು ಪಟ್ಟನ್ನು ಮೀರದು ಎಂಬುದು ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದದಿಂದ ಹೊರಡುವ ನಿಯಮ. ಇದೇ ಲೆಕ್ಕದಲ್ಲಿ 4 ಸಂಸ್ಕಾರಕಗಳಿಂದ ದೊರೆಯುವುದು ಸುಮಾರು 3.1 ಪಟ್ಟು ವೇಗ. 16 ಸಂಸ್ಕಾರಕಗಳಿಂದ 6.4 ಪಟ್ಟು ಮಾತ್ರ. ಕರ್ನೆಲ್‌ನೊಳಗೆ ಹೆಚ್ಚು ಹೊತ್ತು ಕಳೆಯುವ ಜಾಲ ಸೇವೆ, ಕಡತ ಸೇವೆಗಳಂತಹ ಕೆಲಸಗಳಲ್ಲಿ ಸರದಿಯ ಭಾಗ ಇನ್ನೂ ದೊಡ್ಡದು. ಬೆಲೆ ತೆತ್ತು ಕೊಂಡ ಹೆಚ್ಚುವರಿ ಸಂಸ್ಕಾರಕಗಳು ಅಲ್ಲಿ ಬಾಗಿಲಲ್ಲಿ ಕಾಯುತ್ತಲೇ ಕಾಲ ಕಳೆಯುತ್ತಿದ್ದವು.

5. ಮಹಾಬೀಗದ ವಿಶೇಷ ಲಕ್ಷಣಗಳು

ಮಹಾಬೀಗವು ಸಾಮಾನ್ಯ ಬೀಗಗಳಿಂದ ಮೂರು ಅಂಶಗಳಲ್ಲಿ ಭಿನ್ನವಾಗಿತ್ತು. ಮುಂದಿನ ತೊಡಕುಗಳನ್ನು ಅರಿಯಲು ಇವುಗಳ ಪರಿಚಯ ಅಗತ್ಯ.

ಒಂದು: ಅದನ್ನು ಈಗಾಗಲೇ ಹಿಡಿದಿರುವ ಕೆಲಸವೇ ಮತ್ತೆ ಹಿಡಿಯಬಹುದಿತ್ತು. ಎಷ್ಟು ಸಲ ಹಿಡಿಯಲಾಗಿದೆ ಎಂಬ ಎಣಿಕೆಯನ್ನು ಕರ್ನೆಲ್ ಇಟ್ಟುಕೊಳ್ಳುತ್ತಿತ್ತು. ಹೀಗಾಗಿ, ತನ್ನನ್ನು ಕರೆದವರು ಬೀಗ ಹಿಡಿದಿದ್ದಾರೆಯೇ ಇಲ್ಲವೇ ಎಂಬುದನ್ನು ತಿಳಿಯದೆಯೂ ಕೋಡ್ ಬರೆಯಬಹುದಿತ್ತು.

ಎರಡು: ಬೀಗ ಹಿಡಿದ ಕೆಲಸವು ನಿದ್ರಾಸ್ಥಿತಿಗೆ ಹೋದರೆ ಬೀಗ ತಾನಾಗಿಯೇ ಬಿಡುಗಡೆಯಾಗುತ್ತಿತ್ತು, ಎಚ್ಚರವಾದಾಗ ತಾನಾಗಿಯೇ ಮತ್ತೆ ದೊರೆಯುತ್ತಿತ್ತು. ಒಂಟಿ ಸಂಸ್ಕಾರಕದ ಕಾಲದಲ್ಲಿಯೂ ನಿದ್ರಿಸಿದ ಕೆಲಸದ ಜಾಗಕ್ಕೆ ಇನ್ನೊಂದು ಬರುತ್ತಿದ್ದುದರಿಂದ, ಅನುಕರಣೆ ನಿಖರವಾಗಿರಲು ಇದು ಬೇಕಾಗಿತ್ತು. ಆದರೆ ಇದರ ಪರಿಣಾಮವಾಗಿ, ಬೀಗ ಹಿಡಿದ ಸಾಲಿನಿಂದ ಬಿಟ್ಟ ಸಾಲಿನವರೆಗೆ ರಕ್ಷಣೆ ಅಖಂಡವಾಗಿದೆ ಎಂದು ಓದುಗನಿಗೆ ತೋರಿದರೂ ವಾಸ್ತವದಲ್ಲಿ ನಡುವೆ ಎಲ್ಲಿಯಾದರೂ ಅದು ಕಡಿದಿರಬಹುದಾಗಿತ್ತು.

ಮೂರು: ಬೀಗವು ಕಾಯುತ್ತಿದ್ದುದು ಏನನ್ನು ಎಂಬುದಕ್ಕೆ ಉತ್ತರವಿರಲಿಲ್ಲ. ಸಾಮಾನ್ಯ ಬೀಗವು ಒಂದು ನಿರ್ದಿಷ್ಟ ಮಾಹಿತಿಗೆ, ಉದಾಹರಣೆಗೆ ತೆರೆದ ಕಡತಗಳ ಪಟ್ಟಿಗೆ, ಸಂಬಂಧಿಸಿರುತ್ತದೆ. ಮಹಾಬೀಗವಾದರೋ ಮಾಹಿತಿಯನ್ನಲ್ಲ, ಕೋಡ್ ನಡೆಯುವ ಸಂದರ್ಭವನ್ನು ಕಾಯುತ್ತಿತ್ತು. ಒಂದು ಚಾಲಕ ತಂತ್ರಾಂಶದಲ್ಲಿ ಬೀಗ ಹಿಡಿಯುವ ಸಾಲು ಕಂಡರೆ, ಅದು ಅಲ್ಲಿನ ಒಂದು ಪಟ್ಟಿಗಾಗಿಯೋ, ಬೇರೆಲ್ಲಿಯೋ ಇರುವ ಕೋಡ್‌ನಿಂದ ರಕ್ಷಣೆಗಾಗಿಯೋ, ಅಥವಾ ಯಾವ ಕಾರಣವೂ ಇಲ್ಲದೆ ರೂಢಿಯಿಂದ ಬಂದುದೋ ಎಂಬುದು ಆ ಸಾಲಿನಿಂದ ತಿಳಿಯುತ್ತಿರಲಿಲ್ಲ. ಬರೆದವರು ಯೋಜನೆಯಿಂದ ದೂರ ಸರಿದಿದ್ದರೆ ಕೇಳಲೂ ಯಾರೂ ಇರುತ್ತಿರಲಿಲ್ಲ.

6. ವಿಭಜನೆಯ ಹಂತಗಳು

ಮಹಾಬೀಗವನ್ನು ಒಮ್ಮೆಲೇ ಕಿತ್ತೊಗೆಯುವ ಪ್ರಯತ್ನ ನಡೆಯಲಿಲ್ಲ. ಅದರ ವ್ಯಾಪ್ತಿಯನ್ನು ಕ್ರಮೇಣ ಕುಗ್ಗಿಸಲಾಯಿತು. ಮೊದಲು ಬೀಗವನ್ನು ಕರ್ನೆಲ್‌ನ ಹೆಬ್ಬಾಗಿಲಿನಿಂದ ಒಳಗಿನ ಕೋಣೆಗಳ ಬಾಗಿಲುಗಳಿಗೆ ಸರಿಸಲಾಯಿತು. ಎಂದರೆ, ಕರ್ನೆಲ್ ಪ್ರವೇಶಿಸುವಾಗಲೇ ಹಿಡಿಯುವ ಬದಲು, ಅಗತ್ಯವಿರುವ ಭಾಗಗಳು ತಾವೇ ಹಿಡಿದು ಬಿಡುವಂತೆ ಮಾಡಲಾಯಿತು. ಇಂಥ ಬದಲಾವಣೆಯಿಂದ ವೇಗದಲ್ಲಿ ತಕ್ಷಣದ ಲಾಭ ಅಲ್ಪವಾದರೂ ಯಾವ ಭಾಗಗಳು ಬೀಗವನ್ನು ಅವಲಂಬಿಸಿವೆ ಎಂಬುದು ಕೋಡ್‌ನಲ್ಲಿಯೇ ಕಾಣತೊಡಗುತ್ತದೆ. ಅವ್ಯಕ್ತವಾಗಿದ್ದುದು ವ್ಯಕ್ತವಾಗುತ್ತದೆ.

1999ರ ಜನವರಿಯಲ್ಲಿ ಬಂದ 2.2 ಆವೃತ್ತಿಯಲ್ಲಿ, ಯಾವ ಕೆಲಸಕ್ಕೆ ಸಂಸ್ಕಾರಕವನ್ನು ಕೊಡಬೇಕೆಂದು ನಿರ್ಧರಿಸುವ ಭಾಗ, ಡಿಸ್ಕ್ ಕೋರಿಕೆಗಳ ಸಾಲು ಮುಂತಾದವು ಸ್ವಂತ ಬೀಗಗಳನ್ನು ಪಡೆದಿದ್ದವು. ಆದರೂ ಅದು ಸಾಲದು ಎಂಬುದು ಅದೇ ವರ್ಷ ಬಹಿರಂಗವಾಯಿತು. ಮೈಕ್ರೋಸಾಫ್ಟ್‌ನ ಕೋರಿಕೆಯ ಮೇರೆಗೆ ಮೈಂಡ್‌ಕ್ರಾಫ್ಟ್ ಎಂಬ ಸಂಸ್ಥೆ ನಡೆಸಿ 1999ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ನಾಲ್ಕು ಸಂಸ್ಕಾರಕಗಳ ಗಣಕದ ಮೇಲೆ ವಿಂಡೋಸ್ ಎನ್‌ಟಿಯು ಲಿನಕ್ಸ್‌ಗಿಂತ ಬಹಳ ಮುಂದಿತ್ತು. ಪರೀಕ್ಷೆಯ ನಿಷ್ಪಕ್ಷಪಾತತೆಯ ಬಗ್ಗೆ ತೀವ್ರ ಆಕ್ಷೇಪಗಳು ಎದ್ದವು. ಆದರೆ ಲಿನಕ್ಸ್ ಪರಿಣತರ ಸಹಭಾಗಿತ್ವದಲ್ಲಿ ಮರುಪರೀಕ್ಷೆ ನಡೆದಾಗಲೂ ಎನ್‌ಟಿಯೇ ಮುಂದಿತ್ತು. ಕರ್ನೆಲ್‌ನ ಜಾಲ ಸಂವಹನದ ಭಾಗವು ಬಹುಮಟ್ಟಿಗೆ ಸರದಿಯಲ್ಲಿಯೇ ನಡೆಯುತ್ತಿದ್ದುದು ಇದರ ಪ್ರಮುಖ ಕಾರಣಗಳಲ್ಲಿ ಒಂದು. 2001ರ ಜನವರಿಯಲ್ಲಿ ಹೊರಬಂದ 2.4 ಆವೃತ್ತಿಯಲ್ಲಿ ಜಾಲದ ಭಾಗವನ್ನು ಹಲವು ಸಂಸ್ಕಾರಕಗಳಲ್ಲಿ ಒಟ್ಟಿಗೆ ನಡೆಯುವಂತೆ ಪುನಾರಚಿಸಲಾಗಿತ್ತು.

ಬೀಗಗಳ ಸಂಖ್ಯೆ ಹೆಚ್ಚಿದಂತೆ ಬೇರೊಂದು ಬಗೆಯ ಅಪಾಯ ಎದುರಾಯಿತು. ಇಬ್ಬರು ಸಂಶೋಧಕರಿಗೆ ಒಂದು ತಾಳೆಗರಿ ಪ್ರತಿ ಮತ್ತು ಒಂದು ನಿಘಂಟು ಎರಡೂ ಬೇಕಾಗಿದ್ದು, ಒಬ್ಬರು ಪ್ರತಿಯನ್ನು ಹಿಡಿದು ನಿಘಂಟಿಗಾಗಿ, ಇನ್ನೊಬ್ಬರು ನಿಘಂಟನ್ನು ಹಿಡಿದು ಪ್ರತಿಗಾಗಿ ಕಾಯುತ್ತ ಕುಳಿತರೆ ಇಬ್ಬರ ಕೆಲಸವೂ ಎಂದಿಗೂ ಮುಂದುವರಿಯದು. ಇದಕ್ಕೆ ‘ಡೆಡ್‌ಲಾಕ್’ ಎಂದು ಹೆಸರು. ಎಲ್ಲರೂ ಬೀಗಗಳನ್ನು ಒಂದೇ ನಿಶ್ಚಿತ ಅನುಕ್ರಮದಲ್ಲಿ ಹಿಡಿದರೆ ಈ ಸ್ಥಿತಿ ಒದಗುವುದಿಲ್ಲ. ಆದರೆ ಸಾವಿರಾರು ಜನರು ಬರೆಯುವ ಕೋಡ್‌ನಲ್ಲಿ ಆ ಅನುಕ್ರಮವನ್ನು ಕಾಯುವವರು ಯಾರು? 2006ರ ಸೆಪ್ಟೆಂಬರ್‌ನಲ್ಲಿ ಬಂದ 2.6.18 ಆವೃತ್ತಿಯಲ್ಲಿ ಇಂಗೋ ಮೋಲ್ನಾರ್ ಮತ್ತು ಅರ್ಯನ್ ವಾನ್ ಡೆ ವೆನ್ ಸಿದ್ಧಪಡಿಸಿದ ‘ಲಾಕ್‌ಡೆಪ್’ ಎಂಬ ಪರೀಕ್ಷಕ ಸೇರಿತು. ಕರ್ನೆಲ್ ನಡೆಯುವಾಗ ಯಾವ ಬೀಗದ ಅನಂತರ ಯಾವ ಬೀಗವನ್ನು ಹಿಡಿಯಲಾಯಿತು ಎಂಬುದನ್ನು ಅದು ದಾಖಲಿಸುತ್ತದೆ. ಅನುಕ್ರಮ ಒಮ್ಮೆ ತಲೆಕೆಳಗಾದರೂ, ಡೆಡ್‌ಲಾಕ್ ನಿಜವಾಗಿ ಸಂಭವಿಸದೆಯೇ, ಎಚ್ಚರಿಕೆ ನೀಡುತ್ತದೆ.

7. ಉಳಿದ ಭಾಗ ಮತ್ತು ಅದರ ಕಠಿಣತೆ

ವೇಗಕ್ಕೆ ನಿರ್ಣಾಯಕವಾದ ಭಾಗಗಳೆಲ್ಲ ಮಹಾಬೀಗದಿಂದ ಬಿಡುಗಡೆ ಹೊಂದಿದ ಮೇಲೆಯೂ ಅದು ಹಲವು ಮೂಲೆಗಳಲ್ಲಿ ಉಳಿದುಕೊಂಡಿತ್ತು: ಹಳೆಯ ಚಾಲಕ ತಂತ್ರಾಂಶಗಳು, ಕೆಲವು ಕಡತ ವ್ಯವಸ್ಥೆಗಳು, ಟರ್ಮಿನಲ್‌ಗಳನ್ನು ನಿರ್ವಹಿಸುವ ಟಿಟಿವೈ ಭಾಗ, ಕಡತಗಳ ಮೇಲಿನ ಬೀಗಗಳ ಭಾಗ. ಇವು ಹೆಚ್ಚಾಗಿ ಯಾರೂ ಇಷ್ಟಪಟ್ಟು ಓದದ ಕೋಡ್. 2008ರಲ್ಲಿ ಮಹಾಬೀಗದ ಒಳರಚನೆಗೆ ಸಂಬಂಧಿಸಿದ ಒಂದು ಬದಲಾವಣೆಯಿಂದ ಮಾಪನ ಪರೀಕ್ಷೆಯೊಂದರಲ್ಲಿ ವೇಗವು ಗಣನೀಯವಾಗಿ ಕುಸಿಯಿತು. ಅಂಚಿನಲ್ಲಿ ಉಳಿದಿದೆ ಎಂದು ತಿಳಿದಿದ್ದ ಬೀಗವು ಇನ್ನೂ ವ್ಯವಸ್ಥೆಯ ಮೇಲೆ ಪ್ರಭಾವ ಬೀರುತ್ತಿದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಅದೇ ವರ್ಷ ಇಂಗೋ ಮೋಲ್ನಾರ್ ಅದನ್ನು ಸಂಪೂರ್ಣವಾಗಿ ತೆಗೆಯುವ ಪ್ರತ್ಯೇಕ ಕಾರ್ಯವನ್ನು ಆರಂಭಿಸಿದರು. ಈ ಹಂತದಲ್ಲಿ ಬಳಕೆಯಾದ ವಿಧಾನಗಳಲ್ಲಿ ಮೂರನ್ನು ಇಲ್ಲಿ ಗಮನಿಸಬಹುದು.

ಮೊದಲನೆಯದು ನಾಮಕರಣದ ವಿಧಾನ. ಉಪಕರಣಕ್ಕೆ ವಿಶೇಷ ಆದೇಶಗಳನ್ನು ನೀಡುವ ‘ಐಒಸಿಟಿಎಲ್’ ಎಂಬ ಕಾರ್ಯವನ್ನು ಕರ್ನೆಲ್ ಕರೆಯುವಾಗ ಮಹಾಬೀಗವನ್ನು ತಾನೇ ಹಿಡಿಯುತ್ತಿತ್ತು. 2005ರಲ್ಲಿ, 2.6.11 ಆವೃತ್ತಿಯಲ್ಲಿ, ‘ಅನ್‌ಲಾಕ್ಡ್ ಐಒಸಿಟಿಎಲ್’ ಎಂಬ ಹೊಸ ಪ್ರವೇಶದ್ವಾರವನ್ನು ಒದಗಿಸಲಾಯಿತು. ಇಲ್ಲಿ ಬೀಗವಿರುವುದಿಲ್ಲ ಎಂಬುದನ್ನು ಹೆಸರೇ ಸಾರುತ್ತಿತ್ತು. ಚಾಲಕ ತಂತ್ರಾಂಶಗಳ ಕರ್ತೃಗಳು ಒಬ್ಬೊಬ್ಬರಾಗಿ, ತಮ್ಮ ಕೋಡ್ ಓದಿ ಖಚಿತಪಡಿಸಿಕೊಂಡ ಮೇಲೆ, ಹೊಸ ದ್ವಾರಕ್ಕೆ ಬರಬಹುದಾಗಿತ್ತು. ಎಲ್ಲರೂ ಬಂದ ಮೇಲೆ, 2010ರಲ್ಲಿ, ಹಳೆಯ ದ್ವಾರವನ್ನು ಮುಚ್ಚಲಾಯಿತು. ಈ ಒಂದು ಬದಲಾವಣೆಗೇ ಐದು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

ಎರಡನೆಯದು ಮಿತಗೊಳಿಸುವ ವಿಧಾನ. ರೈಸರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಕೋಡ್ ಮಹಾಬೀಗದ ಪುನರ್ಗ್ರಹಣವನ್ನೂ ನಿದ್ರೆಯಲ್ಲಿ ತಾನಾಗಿ ಬಿಡುಗಡೆಯಾಗುವ ಗುಣವನ್ನೂ ಆಳವಾಗಿ ಅವಲಂಬಿಸಿತ್ತು. ಅದರ ಜಾಗದಲ್ಲಿ ಸಾಮಾನ್ಯ ಬೀಗವನ್ನಿಟ್ಟರೆ, ನಿದ್ರೆಗೆ ಹೋಗುವಾಗಲೂ ಬೀಗ ಕೈಯಲ್ಲಿಯೇ ಉಳಿದು ಡೆಡ್‌ಲಾಕ್ ಆಗುತ್ತಿತ್ತು. ಫ್ರೆಡರಿಕ್ ವೈಸ್‌ಬೆಕರ್ ಅವರು ಪ್ರತಿ ಕಡತ ವ್ಯವಸ್ಥೆಗೂ ಪ್ರತ್ಯೇಕವಾದ ಬೀಗವನ್ನು ರೂಪಿಸಿ, ನಿದ್ರಿಸಬಹುದಾದ ಜಾಗಗಳನ್ನು ಗುರುತಿಸಿ, ಅಲ್ಲಿ ಬೀಗವನ್ನು ಬಿಟ್ಟು ಹಿಡಿಯುವುದನ್ನು ಸ್ಪಷ್ಟವಾಗಿ ಬರೆದರು. ಇದು 2010ರ 2.6.33 ಆವೃತ್ತಿಯಲ್ಲಿ ಸೇರಿತು. ಟಿಟಿವೈ ಭಾಗದಲ್ಲಿ ಮಹಾಬೀಗಕ್ಕೆ ಬದಲಾಗಿ ಆ ಭಾಗಕ್ಕಷ್ಟೇ ಸೀಮಿತವಾದ ಒಂದು ದೊಡ್ಡ ಬೀಗವನ್ನು ಇರಿಸಲಾಯಿತು. ತೊಡಕು ಪರಿಹಾರವಾಗಲಿಲ್ಲ, ಆದರೆ ಅದರ ಎಲ್ಲೆ ನಿಗದಿಯಾಯಿತು.

ಮೂರನೆಯದು ಯಂತ್ರಸಹಾಯದ ಓದು. ಕಡತದಲ್ಲಿ ಓದುವ ಸ್ಥಾನವನ್ನು ಬದಲಿಸುವ ಕಾರ್ಯವೊಂದನ್ನು ಚಾಲಕ ತಂತ್ರಾಂಶವು ನಮೂದಿಸದೆ ಬಿಟ್ಟರೆ, ಕರ್ನೆಲ್ ತನ್ನ ರೂಢಿಯ ಕಾರ್ಯವನ್ನು ಬಳಸುತ್ತಿತ್ತು. ಆ ರೂಢಿಯ ಕಾರ್ಯ ಮಹಾಬೀಗವನ್ನು ಹಿಡಿಯುತ್ತಿತ್ತು. ಆರ್ನ್ಡ್ ಬೆರ್ಗ್‌ಮನ್ ಅವರು 2010ರಲ್ಲಿ ‘ಕಾಕ್ಸಿನೆಲ್’ ಎಂಬ ಸಾಧನದ ನೆರವಿನಿಂದ ನೂರಾರು ಕಡತಗಳನ್ನು ಪರಿಶೀಲಿಸಿ, ನಮೂದಿಸದೆ ಬಿಟ್ಟ ಜಾಗಗಳಲ್ಲೆಲ್ಲ ಉದ್ದೇಶವನ್ನು ಸ್ಪಷ್ಟವಾಗಿ ಬರೆಸಿದರು. ಕೋಡ್‌ನ ವಾಕ್ಯರಚನೆಯನ್ನು ಅರಿತು, ನಿರ್ದಿಷ್ಟ ವಿನ್ಯಾಸವನ್ನು ಹುಡುಕಿ ತಿದ್ದುವ ಸಾಧನ ಅದು. ಮೌನವನ್ನು ಮಾತಾಗಿಸುವ ಈ ಕೆಲಸ ಮುಗಿದ ಮೇಲೆಯೇ ರೂಢಿಯನ್ನು ಬದಲಿಸಲು ಸಾಧ್ಯವಾಯಿತು.

2011ರ ಜನವರಿಯ 2.6.37 ಆವೃತ್ತಿಯಲ್ಲಿ ಮಹಾಬೀಗವಿಲ್ಲದೆಯೂ ಕರ್ನೆಲ್ಲನ್ನು ಸಿದ್ಧಪಡಿಸಿಕೊಳ್ಳುವ ಅವಕಾಶ ದೊರೆಯಿತು. ಅದೇ ವರ್ಷದ ಮೇ ತಿಂಗಳ 2.6.39 ಆವೃತ್ತಿಯಲ್ಲಿ ಅದು ಪೂರ್ತಿಯಾಗಿ ಇಲ್ಲವಾಯಿತು. ಆ ವೇಳೆಗೆ ಕರ್ನೆಲ್ 1 ಕೋಟಿ 40 ಲಕ್ಷಕ್ಕೂ ಹೆಚ್ಚು ಸಾಲುಗಳಷ್ಟು ಬೆಳೆದಿತ್ತು. ಈ ಹದಿನೈದು ವರ್ಷಗಳ ಉದ್ದಕ್ಕೂ ಕರ್ನೆಲ್ ದಿನಬಳಕೆಯಲ್ಲಿಯೇ ಇತ್ತು ಎಂಬುದನ್ನು ಮರೆಯುವಂತಿಲ್ಲ. ದುರಸ್ತಿಗೆಂದು ಮನೆಯನ್ನು ತೆರವು ಮಾಡುವ ಅನುಕೂಲ ಅಲ್ಲಿರಲಿಲ್ಲ.

8. ಇದೇ ಬಗೆಯ ಇನ್ನೊಂದು ನಿದರ್ಶನ

ಲಿನಕ್ಸ್‌ನ ಅನುಭವ ಒಂಟಿಯಲ್ಲ ಎಂಬುದಕ್ಕೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಇತಿಹಾಸ ಸಾಕ್ಷಿ. ಗೀಡೋ ವಾನ್ ರಾಸಮ್ ರೂಪಿಸಿದ ಈ ಭಾಷೆಗೆ 1992ರಲ್ಲಿ ಏಕಕಾಲಿಕತೆಯ ಸೌಲಭ್ಯವನ್ನು ಸೇರಿಸಿದಾಗ, ಅದರ ನಿರ್ವಾಹಕ ತಂತ್ರಾಂಶಕ್ಕೆ ಒಂದೇ ಸಾರ್ವತ್ರಿಕ ಬೀಗವನ್ನು ಹಾಕಲಾಯಿತು. ಪೈಥಾನ್ ಪ್ರತಿಯೊಂದು ವಸ್ತುವಿನ ಜೊತೆಗೂ ಅದನ್ನು ಎಷ್ಟು ಕಡೆಗಳಿಂದ ಬಳಸಲಾಗುತ್ತಿದೆ ಎಂಬ ಎಣಿಕೆಯನ್ನು ಇಡುತ್ತದೆ. ಗ್ರಂಥಾಲಯದ ಉದಾಹರಣೆಯಲ್ಲಿ ಕಂಡಂತೆ ಆ ಎಣಿಕೆ ತಪ್ಪದಿರಲು ಬೀಗ ಬೇಕಾಗಿತ್ತು. 1990ರ ದಶಕದಲ್ಲಿಯೇ ಅದನ್ನು ತೆಗೆಯುವ ಪ್ರಯತ್ನ ನಡೆಯಿತಾದರೂ, ಒಂದೇ ಎಳೆಯಲ್ಲಿ ನಡೆಯುವ ಸಾಮಾನ್ಯ ಪ್ರೋಗ್ರಾಂಗಳ ವೇಗ ಕುಗ್ಗಿದುದರಿಂದ ಅದು ನಿಲ್ಲಲಿಲ್ಲ.

ಇಲ್ಲಿಯೂ ಬರೆಯದ ನಂಬಿಕೆಯೇ ದೊಡ್ಡ ಅಡ್ಡಿ. ಪೈಥಾನ್‌ಗಾಗಿ ಸಿ ಭಾಷೆಯಲ್ಲಿ ಬರೆದ ಅಸಂಖ್ಯ ಪೂರಕ ತಂತ್ರಾಂಶಗಳು ಆ ಬೀಗ ಇದ್ದೇ ಇರುತ್ತದೆ ಎಂಬ ಭರವಸೆಯ ಮೇಲೆ ನಿಂತಿವೆ. ಸ್ಯಾಮ್ ಗ್ರಾಸ್ ಮಂಡಿಸಿದ ಯೋಜನೆ 2023ರಲ್ಲಿ ಅಂಗೀಕಾರ ಪಡೆದು, ಬೀಗವಿಲ್ಲದ ರೂಪವು 2024ರ ಅಕ್ಟೋಬರ್‌ನ 3.13 ಆವೃತ್ತಿಯಲ್ಲಿ ಪ್ರಾಯೋಗಿಕವಾಗಿ ಬಂದಿತು. 2025ರ ಅಕ್ಟೋಬರ್‌ನ 3.14 ಆವೃತ್ತಿಯಲ್ಲಿ ಅದಕ್ಕೆ ಅಧಿಕೃತ ಬೆಂಬಲ ದೊರೆತರೂ ಆ ಆವೃತ್ತಿಯಲ್ಲಿ ಅದು ಐಚ್ಛಿಕ ರೂಪವಾಗಿಯೇ ಇತ್ತು. ಪೂರಕ ತಂತ್ರಾಂಶವೊಂದು ‘ಬೀಗವಿಲ್ಲದೆ ನಡೆಯಬಲ್ಲೆ’ ಎಂದು ಸ್ಪಷ್ಟವಾಗಿ ಘೋಷಿಸದಿದ್ದರೆ, ಈ ಹೊಸ ರೂಪವು ಅದನ್ನು ಬಳಸುವಾಗ ಬೀಗವನ್ನು ತಾನಾಗಿಯೇ ಮತ್ತೆ ಜಾರಿಗೆ ತರುತ್ತದೆ. ಲಿನಕ್ಸ್‌ನ ‘ಅನ್‌ಲಾಕ್ಡ್ ಐಒಸಿಟಿಎಲ್’ ಮಾಡಿದ ಕೆಲಸವನ್ನೇ ಈ ಘೋಷಣೆಯೂ ಮಾಡುತ್ತದೆ.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಹಳೆಯ ತಂತ್ರಾಂಶಕ್ಕೆ ಏಕಕಾಲಿಕತೆಯನ್ನು ತರುವ ಮೊದಲ ಹೆಜ್ಜೆ, ಹಳೆಯ ನಂಬಿಕೆ ಸುಳ್ಳಾಗದಂತೆ ಅದನ್ನು ಒಂದು ದೊಡ್ಡ ಬೀಗದಿಂದ ಸಂರಕ್ಷಿಸುವುದು. ಇದು ಬೇಗ ಆಗುವ ಕೆಲಸ. ಆದರೆ ಓದಬೇಕಾದ ಕಾಲವನ್ನು ಇದು ಮುಂದೂಡುತ್ತದೆಯೇ ಹೊರತು ಓದಿನ ಅಗತ್ಯವನ್ನು ಇಲ್ಲವಾಗಿಸುವುದಿಲ್ಲ. ಎರಡನೆಯ ಹೆಜ್ಜೆ, ಆ ಬೀಗದ ನೆರಳಿನಲ್ಲಿ ಏನೇನು ಅಡಗಿದೆ ಎಂಬುದನ್ನು ಸಾಲುಸಾಲಾಗಿ ಓದಿ ಬರೆಹಕ್ಕೆ ತರುವುದು. ಹದಿನೈದು ವರ್ಷಗಳ ಬಹುಪಾಲು ಸಂದುದು ಈ ಕಾರ್ಯಕ್ಕೆ. ಹೊಸ ಬೀಗಗಳನ್ನು ಬರೆಯುವುದಕ್ಕಿಂತ, ಹಳೆಯ ಬೀಗ ಅಲ್ಲಿ ಏಕಿತ್ತು ಎಂಬುದನ್ನು ಕಂಡುಹಿಡಿಯುವುದೇ ಕಷ್ಟವಾಗಿತ್ತು.

ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಈ ಕಷ್ಟ ಅಪರಿಚಿತವಲ್ಲ. ಕಾರಣ ತಿಳಿಯದ ಪಾಠವೊಂದನ್ನು ನಿರರ್ಥಕವೆಂದು ತೆಗೆದುಹಾಕುವ ಮೊದಲು, ಅದು ಯಾವ ಅರ್ಥವನ್ನು ಹೊತ್ತು ನಿಂತಿರಬಹುದೆಂದು ವಿಚಾರಿಸುವುದು ಸಂಪಾದಕನ ಹೊಣೆ. ವ್ಯತ್ಯಾಸವೆಂದರೆ, ಸಂಪಾದಕನು ಎಡವಿದರೆ ಮುಂದಿನ ಆವೃತ್ತಿಯಲ್ಲಿ ತಿದ್ದಿಕೊಳ್ಳಲು ಅವಕಾಶವುಂಟು. ಕರ್ನೆಲ್‌ನಲ್ಲಿ ಎಡವಿದರೆ, ಎಲ್ಲಿಯೋ ಒಂದು ಗಣಕದಲ್ಲಿ ಯಾರದೋ ಕಡತಗಳು ಸದ್ದಿಲ್ಲದೆ ಕೆಡುತ್ತವೆ. ಅದರ ಕಾರಣ ಬಹುಕಾಲ ತಿಳಿಯದೆಯೂ ಹೋಗಬಹುದು. ಆದುದರಿಂದ, ಹಲವು ಕೈಗಳಿಗೆ ಹೋಗಲಿರುವ ಪಠ್ಯವನ್ನು ಬರೆಯುವವರು ತಾವು ನಂಬಿ ಬರೆದ ಸಂಗತಿಯನ್ನೂ ಬರೆದಿಡಬೇಕೆಂಬುದು ಈ ಇತಿಹಾಸದಿಂದ ಹೊರಡುವ ಮುಖ್ಯ ಪಾಠ. ಬರೆದ ನಂಬಿಕೆಯನ್ನು ಮುಂದೆ ಬಂದವರು ಪರೀಕ್ಷಿಸಬಹುದು, ಬೇಕಾದರೆ ಬದಲಿಸಬಹುದು. ಬರೆಯದೆ ಬಿಟ್ಟುದನ್ನು ಅವರು ಮೊದಲು ಹುಡುಕಬೇಕಾಗುತ್ತದೆ.